ಸರದಾರನ ಎಡಗಿವಿ

"ವಿಷಾ ಹಾಕ್ಯಾರಂತ ಬರೀರಿ ಮೇಡಂ. ಸಂಜಿ ಒಳಗ ಸಿದ್ದಲಿಂಗನ್ನ ಕೋರ್ಟಿಗೆ ಒಯ್ಯಬೇಕು," ಎಂದ ಹವಾಲ್ದಾರ ಅಪ್ಪಾಸಾಬ.

ನಾನು ದನದ ಡಾಕ್ಟರು. ಸತ್ತ ಟಗರಿನ ಬಾಯಿ ತೆಗೆಯಲು ಎರಡೂ ಕೈ ಹಾಕಿ ಹೆಣಗುತ್ತಿದ್ದೆ. ದವಡೆ ಸಡಿಲಾಗಲಿಲ್ಲ. ನಾಲ್ಕೂ ಕಾಲು ಕಟ್ಟಿಗೆಯಂತೆ ನೆಟ್ಟಗೆ ಚಾಚಿದ್ದವು. ಕುತ್ತಿಗೆ ಹಿಂದಕ್ಕೆ ಸೆಟೆದಿತ್ತು.

ಮೋರಟಗಿಯ ಬಸಂತರಾಯ ದೇಸಾಯರ ದುಂಬಾ ಟಗರು ಸರದಾರ ನಸುಕಿನಲ್ಲಿ ಸತ್ತಿತ್ತು. ಹೊತ್ತೇರುವಷ್ಟರಲ್ಲಿ ಅದನ್ನು ಮೇಯಿಸುತ್ತಿದ್ದ ಸಿದ್ದಲಿಂಗ ಠಾಣೆಯಲ್ಲಿದ್ದ. ಕೊಟ್ಟಿಗೆಯ ಹಿಂದೆ ಸಿಕ್ಕ, ಹತ್ತಿಯ ಹುಳಕ್ಕೆ ಹೊಡೆಯುವ ವಿಷದ ಎಣ್ಣೆಯ ಖಾಲಿ ಬಾಟಲಿಯೊಂದೇ ಸಾಕ್ಷಿ. ಆ ಬಾಟಲಿ ಈ ಸೀಮೆಯಲ್ಲಿ ಯಾರ ಕೊಟ್ಟಿಗೆಯ ಹಿಂದೆ ಇಲ್ಲ ಎಂದು ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ.

"ಅಪ್ಪಾಸಾಬ, ಇದು ವಿಷ ಅಲ್ಲ," ಎಂದೆ.

ಹೊರಸಿನ ಮೇಲೆ ಕುಳಿತಿದ್ದ ದೇಸಾಯರು ತಲೆ ಎತ್ತಿದರು. ಅರವತ್ತರ ಆಸುಪಾಸಿನ ಗಟ್ಟಿ ಆಳು, ಬಿಳಿ ಧೋತರ, ತಲೆಯ ಮೇಲೆ ಟೋಪಿ. "ಡಾಕ್ಟರಬಾಯಾರ, ಕಟ್ಟಿ ಮ್ಯಾಲ ನಾಕ ಮಂದಿ ಮುಂದ ಜಗಳಾ ತಗದಾನ ಅಂವ. ಬಕ್ರೀದಿಗೆ ಸರದಾರನ್ನ ಕೊಡೂದಾದ್ರ ನಾ ಈ ಮನ್ಯಾಗ ಇರಂಗಿಲ್ಲ ಅಂದಾನ. ಮತ್ತ ಯಾರ ಮಾಡ್ಯಾರು?"

"ಕೊಡಬ್ಯಾಡ್ರಿ ಅಂದಾಂವ ಕೊಲ್ತಾನೇನ್ರಿ ದೇಸಾಯರ?"

ಅವರು ಅಂಗಳದ ಕಡೆ ಮುಖ ತಿರುಗಿಸಿದರು.

ನಾನು ಸರದಾರನ ಹಿಂಬದಿಗೆ ಹೋದೆ. ದುಂಬಾ ಕುರಿಯ ಸಿರಿ ಇರುವುದೇ ಬಾಲದಲ್ಲಿ. ನಮ್ಮ ಸೀಮೆಯ ಕುರಿಗೆ ಬಾಲ ಎಂದರೆ ಬೆರಳುದ್ದದ ಒಂದು ತುಂಡು. ದುಂಬಾಕ್ಕೆ ಹಾಗಲ್ಲ, ತಲೆದಿಂಬಿನಷ್ಟು ಕೊಬ್ಬು ಹಿಂದೆ ಜೋತಾಡುತ್ತದೆ. ಮೇವು ಸಿಕ್ಕಾಗ ಕೂಡಿಟ್ಟುಕೊಳ್ಳುತ್ತದೆ, ಬಿಸಿಲಿಗೆ ಹುಲ್ಲು ಸುಟ್ಟುಹೋದಾಗ ಅದನ್ನೇ ಕರಗಿಸಿ ಬದುಕುತ್ತದೆ. ಹೋದ ಸಂಕ್ರಾಂತಿಗೆ ಈ ಬಾಲ ನೋಡಲು ಇಂಡಿಯಿಂದ, ಬಸವನ ಬಾಗೇವಾಡಿಯಿಂದ ಜನ ಬಂದಿದ್ದರು. ಮೊಬೈಲಿನಲ್ಲಿ ಅದರ ಜೊತೆ ಫೋಟೋ ತೆಗೆಸಿಕೊಳ್ಳದ ಗಂಡಸು ಮೋರಟಗಿಯಲ್ಲಿ ಇರಲಿಲ್ಲ.

ಈಗ ಬಾಲ ಸಡಿಲ ಚೀಲವಾಗಿತ್ತು. ಕೈ ಹಾಕಿದರೆ ಒಳಗೆ ಎಲುಬು ಸಿಗುತ್ತಿತ್ತು.

ಎಷ್ಟೋ ದಿನದಿಂದ ಈ ಜೀವ ಏನೂ ತಿಂದಿಲ್ಲ. ಹೊಟ್ಟೆಯನ್ನೂ ಕೊಯ್ದು ನೋಡಿದೆ, ಒಳಗೆ ಒಂದು ಹಿಡಿ ಒಣಗಿದ ಮೇವು ಬಿಟ್ಟರೆ ಬೇರೇನೂ ಇರಲಿಲ್ಲ. ಎಣ್ಣೆಯ ವಾಸನೆಯಂತೂ ಇಲ್ಲವೇ ಇಲ್ಲ. ಎಣ್ಣೆ ಕುಡಿದ ಕುರಿ ತುಂಬಿದ ಹೊಟ್ಟೆಯಲ್ಲಿ, ನೊರೆ ಕಾರಿ, ಅಂದೇ ಸಾಯುತ್ತದೆ. ಇದು ದವಡೆ ಕಚ್ಚಿಕೊಂಡು, ಮೈ ಸೆಟೆದು, ಮೇವು ಮುಂದಿದ್ದರೂ ಬಾಯಿ ಬಿಡಲಾಗದೆ ನಿಧಾನವಾಗಿ ಸತ್ತಿತ್ತು.

ಧನುರ್ವಾಯು. ಯಾರಾದರೂ ಹೊತ್ತಿಗೆ ಸರಿಯಾಗಿ ನನಗೊಂದು ಫೋನು ಮಾಡಿದ್ದರೆ ಬಹುಶಃ ಒಂದು ಸೂಜಿಯಲ್ಲಿ ಮುಗಿಯುತ್ತಿತ್ತು. ಸತ್ತ ಮೇಲೆ ಔಷಧ ಹೇಳುವ ಡಾಕ್ಟರರನ್ನು ಕಂಡರೆ ನನಗೂ ಆಗುವುದಿಲ್ಲ.

"ಇಷ್ಟ ದಿನಾ ಜಡ್ಡ ಬಿದ್ದಿತ್ತಲ್ಲ, ಯಾಕ ಹೇಳಿ ಕಳಸಲಿಲ್ಲ?" ಎಂದು ಕೇಳಿದೆ.

"ಬಿಸಿಲ ಹತ್ತೈತಿ ಅಂತ ತಿಳದಿದ್ವಿ," ಎಂದರು ದೇಸಾಯರು.

ಬಿಸಿಲಿಗೆಂದೇ ಹುಟ್ಟಿದ ತಳಿಗೆ ಬಿಸಿಲು ಹತ್ತಿತಂತೆ! ನಗು ಬರಬೇಕಿತ್ತು, ಬರಲಿಲ್ಲ.

ಧನುರ್ವಾಯು ಬರಬೇಕಾದರೆ ಗಾಯ ಬೇಕು. ಗೊರಸು ನೋಡಿದೆ, ಕೋಡಿನ ಬುಡ ನೋಡಿದೆ. ಕೊನೆಗೆ ತಲೆಯನ್ನು ಮಗ್ಗುಲು ಬದಲಿಸಿದಾಗ ಸಿಕ್ಕಿತು. ಉದ್ದಕ್ಕೆ ಜೋತಾಡುತ್ತಿದ್ದ ಎಡಗಿವಿ ಈಗ ಅರ್ಧವೇ ಇತ್ತು.

ಭೂತಗನ್ನಡಿ ಹಿಡಿದು ನೋಡಿದೆ. ಕಿವಿಗೆ ಎರಡು ಸಲ ಕತ್ತರಿ ಬಿದ್ದಿತ್ತು. ಮೊದಲನೆಯದು ತುದಿಯ ಸಣ್ಣ ಕೊಯ್ತ, ನೀಟಾಗಿ ಮಾಯ್ದು ಹೊಸ ಚರ್ಮ ಬಂದಿತ್ತು. ಎರಡನೆಯದು ಆಮೇಲಿನದು, ದೊಡ್ಡದು, ಓರೆಯಾಗಿ ಹರಿದಿದ್ದು. ಓರೆಯಾಗಿದ್ದರಿಂದಲೇ ಹಳೆಯ ಗಾಯದ ಅಂಚು ಒಂದು ಬದಿಗೆ ಉಳಿದಿತ್ತು. ಹೊಸ ಗಾಯ ಕೀವು ತುಂಬಿಕೊಂಡಿತ್ತು, ಕೀವಿನ ಒಳಗೆ ಏನೋ ಮೆತ್ತಿತ್ತು.

ಹತ್ತಿಯಿಂದ ಒರೆಸಿದೆ. ಹತ್ತಿಗೆ ಬಂದಿದ್ದು ಕೆಂಪು ಮಣ್ಣು.

ನಾನು ಕೊಟ್ಟಿಗೆಯ ನೆಲ ನೋಡಿದೆ. ಹೊರಗಿನ ಹೊಲ ನೋಡಿದೆ. ಕಣ್ಣು ಹಾಯುವವರೆಗೂ ಕರಿ ಎರೆಮಣ್ಣು. ಮೋರಟಗಿಯಲ್ಲಿ ಕೆಂಪು ಮಣ್ಣು ಬೇಕೆಂದರೆ ಕುಂಕುಮದ ಭರಣಿಯನ್ನೇ ತೆಗೆಯಬೇಕು. ಹತ್ತಿಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕಿಸೆಯಲ್ಲಿಟ್ಟುಕೊಂಡೆ.

ಕೆಂಪು ಮಣ್ಣಿನ ಊರಿನವರು ಒಬ್ಬರು ಅಂಗಳದಲ್ಲೇ ನಿಂತಿದ್ದರು.

ನಾಲತವಾಡದ ಕುರಿ ವ್ಯಾಪಾರಿ ಕಾಸಿಂಸಾಬ. ಸರದಾರನನ್ನು ಮರಿಯಿದ್ದಾಗ ಮುಂಬಯಿ ಕಡೆಯಿಂದ ತಂದು ದೇಸಾಯರಿಗೆ ಕೊಟ್ಟವರು ಅವರೇ. ಸಾಕಿ ಬೆಳೆಸಿ, ಈ ಬಕ್ರೀದಿಗೆ ಕುರ್ಬಾನಿಗೆಂದು ಅವರಿಗೇ ಕೊಡುವುದು ಎಂದು ಕಟ್ಟೆಯ ಮೇಲೆ ಮಾತಾಗಿತ್ತು. ದೇಸಾಯರ ಮನೆಯಲ್ಲಿ ಮಾಂಸದ ವಾಸನೆ ಸಹ ಸುಳಿಯದು, ಆದರೂ ಮಾಂಸಕ್ಕೆಂದೇ ಇರುವ ಕುರಿ ಸಾಕಿದರು. ನಾನೇನು ಕಡಿಮೆ? ಬೆಳ್ಳುಳ್ಳಿ ಕಾಣದ ವೈಷ್ಣವರ ಮನೆಯಲ್ಲಿ ಹುಟ್ಟಿ ದಿನಾ ಕುರಿಯ ಹೊಟ್ಟೆ ಕೊಯ್ಯುತ್ತೇನೆ. ಆದ್ದರಿಂದ ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ.

ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಕಾಸಿಂಸಾಬರು ಟಗರು ಒಯ್ಯಲು ಬಂದವರು ಹೆಣದ ಮುಂದೆ ನಿಂತಿದ್ದರು.

"ಕಿವಿ ಕೊಯ್ದದ್ದು ನಿಮಗ ಗೊತ್ತಿತ್ತೇನ್ರಿ?" ಎಂದೆ.

"ಗೊತ್ತಿತ್ತರಿ ಬಾಯಾರ. ಅಮಾಸಿ ಮುಂಚೆ ನೋಡಾಕ ಬಂದಿದ್ದೆ. ತುದಿ ಇಷ್ಟ ಹೋಗಿತ್ತು," ಎಂದು ಕಿರುಬೆರಳಿನ ಉಗುರು ತೋರಿಸಿದರು. "ಬೇಲಿಗೆ ಸಿಕ್ಕು ಹರದೈತಿ ಅಂದ್ರು. ಇರ್ಲಿ ಬಿಡ್ರಿ ಅಂದೆ."

"ಕಿವಿ ಹರದದ್ದು ನಡೀತದೇನು ಕುರ್ಬಾನಿಗೆ?"

"ಅಷ್ಟ ಆದ್ರ ನಡೀತೈತ್ರಿ. ಮೂರನೇ ಪಾಲಿನ ಮ್ಯಾಲ ಹೋಗಿದ್ರ ಮಾತ್ರ ನಡಿಯಂಗಿಲ್ಲ. ಊನ ಇದ್ದ ಜೀವಾ ಅಲ್ಲಾಗ ಕೊಡಂಗಿಲ್ರಿ ನಾವು. ಅದನ್ನ ಇಲ್ಲೇ, ಇದ ಅಂಗಳದಾಗ ನಿಂತು ಹೇಳಿದ್ದೆ."

"ಹೇಳುವಾಗ ಯಾರ ಯಾರ ಇದ್ರು?"

"ದೇಸಾಯರು ಇದ್ರು. ಸಿದ್ದಲಿಂಗ ಟಗರ ಹಿಡಕೊಂಡ ನಿಂತಿದ್ದ. ಮನೀ ಅಕ್ಕಾರು ಚಾ ಕೊಟ್ಟು ಬಾಗಲದಾಗ ನಿಂತಿದ್ರು."

ನಾನು ಅವರ ಮುಖ ನೋಡುತ್ತಲೇ ಇದ್ದೆ. ತಾನು ಕೇಳಿ ಇಟ್ಟ ಟಗರಿಗೆ ತಾನೇ ಊನ ಮಾಡುವ ಹುಚ್ಚ ಯಾರೂ ಇಲ್ಲ. ಮಣ್ಣು ಇವರ ಊರಿನ ಬಣ್ಣದ್ದಾದರೂ ಕೈ ಇವರದ್ದಲ್ಲ.

ಅವರಿಗೂ ಅಷ್ಟರಲ್ಲಿ ಎಲ್ಲ ಹೊಳೆದಿತ್ತು. ಕಣ್ಣು ತುಂಬಿಕೊಂಡರು. "ಯಾರೋ ಉಳಸಾಕ ನೋಡ್ಯಾರ್ರಿ ಬಾಯಾರ. ಊನ ಮಾಡಿದ್ರ ನಾ ಬ್ಯಾಡ ಅಂತೇನಿ, ಜೀವಾ ಉಳೀತೈತಿ ಅಂತ. ಆ ಮೂರನೇ ಪಾಲಿನ ಮಾತು ನಾ ಆಡಬಾರದಿತ್ತು. ಬಾಯಿ ಬಿಟ್ಟು ಕೇಳಿದ್ರ ಬಿಟ್ಟ ಕೊಡತಿದ್ನೆಲ್ರಿ! ಬ್ಯಾರೆ ಟಗರ ಸಿಗತಿರಲಿಲ್ಲೇನು ನನಗ?"

ಆ ಅಂಗಳದಲ್ಲಿ ಅವತ್ತು ಕೇಳಿಸಿಕೊಂಡವರು ಮೂವರು. ಒಬ್ಬ ಠಾಣೆಯಲ್ಲಿದ್ದ, ಒಬ್ಬರು ಹೊರಸಿನ ಮೇಲಿದ್ದರು. ಮೂರನೆಯವರು ಬೆಳಗಿನಿಂದ ಕೊಟ್ಟಿಗೆಯ ಕಡೆ ಹಾಯ್ದಿರಲಿಲ್ಲ.

ದೇಸಾಯರ ಹೆಂಡತಿ ಸುಮಿತ್ರಾಬಾಯಿ ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಬೀಸುಕಲ್ಲಿಗೆ ಒರಗಿ ಕುಳಿತಿದ್ದರು. ಮುಂದೆ ಬುಟ್ಟಿಯಲ್ಲಿ ಜೋಳದ ನುಚ್ಚು. ಸರದಾರ ಮರಿಯಿದ್ದಾಗಿನಿಂದ ದಿನಾ ಬೆಳಿಗ್ಗೆ ಅವರ ಕೈಯಿಂದಲೇ ನುಚ್ಚು ತಿನ್ನುತ್ತಿತ್ತು. ನನಗೆ ಗೊತ್ತಿದ್ದೂ ಆ ಬುಟ್ಟಿ ನೋಡಿ ಸಂಕಟವಾಯಿತು.

"ಅಕ್ಕಾರ, ವಿಷಾ ಯಾರೂ ಹಾಕಿಲ್ಲ. ಕಿವೀ ಗಾಯದಿಂದ ಧನುರ್ವಾಯು ಆಗಿ ಸತ್ತದ," ಎಂದೆ.

ಅವರು ತಟ್ಟನೆ ನನ್ನ ಕೈ ಹಿಡಿದುಕೊಂಡರು.

"ಹಂಗಾರ ನಾನ ಕೊಂದೆರಿ ಬಾಯಾರ."

"ನೀವು?"

"ಹೌದ್ರಿ. ಅಡಿಕಿ ಹೋಳ ಮಾಡೂ ಅಡಕೊತ್ತಿಲೆ ಕತ್ತರಿಸಿದೆ. ಊನ ಇದ್ದದ್ದು ಹಬ್ಬಕ್ಕ ನಡಿಯಂಗಿಲ್ಲ ಅಂತ ಕಾಸಿಂಸಾಬನ ಹೇಣ್ತಿ ಬಿಬಿಜಾನ ಒಮ್ಮೆ ಮಾತಿಗೆ ಮಾತ ಬಂದು ಹೇಳಿದ್ಲು. ಎಷ್ಟಂತ ಹೇಳಿರ್ಲಿಲ್ಲ. ಅಡಕೊತ್ತು ಕುದಿಯೂ ನೀರಾಗ ಅದ್ದಿದೆ, ಅರಿಷಿಣ ಹಚ್ಚಿದೆ. ಅದು ಒಂದ ಸಲ ತಲಿ ಝಾಡಿಸ್ತು, ಆಮ್ಯಾಲ ಮತ್ತ ನನ್ನ ಕೈಯಾಗ ನುಚ್ಚ ತಿಂತು. ಇನ್ನಷ್ಟ ಕೊಯ್ಯಾಕ ಕೈ ಬರ್ಲಿಲ್ರಿ. ಆಮ್ಯಾಲ ಕಿವಿ ಮತ್ತ ಹರದದ್ದ ಕಂಡು ನನ್ನ ಗಾಯಾನ ಬಿಚ್ಚೈತಿ ಅಂದಕೊಂಡೆ. ಅವತ್ತ ಗಟ್ಟಿ ಮನಸ್ಸ ಮಾಡಿ ಅರ್ಧಾ ಕೊಯ್ದಿದ್ರ ಆಗತಿತ್ತು, ಇವತ್ತ ಅದು ಇರತಿತ್ತು."

"ಅಕ್ಕಾರ, ನಿಮ್ಮ ಗಾಯ ಮಾಯ್ದದ. ಅದರಿಂದ ಏನೂ ಆಗಿಲ್ಲ."

ಅವರು ನಂಬಲಿಲ್ಲ. ನಾನು ಎರಡೆರಡು ಸಲ ಹೇಳಬೇಕಾಯಿತು. ಆಮೇಲೆ ಮತ್ತೊಬ್ಬರು ಕೊಯ್ದಿದ್ದಾರೆ, ಆ ಗಾಯಕ್ಕೆ ಮಣ್ಣು ಮೆತ್ತಿದ್ದಾರೆ, ಮಣ್ಣಿನಿಂದಲೇ ರೋಗ ಹತ್ತಿದೆ ಎಂದು ಬಿಡಿಸಿ ಹೇಳಿದೆ.

"ಸಿದ್ದಲಿಂಗ ಮಾಡಿರ್ಬಹುದೇನು?" ಎಂದು ಕೇಳಿದೆ.

"ಅಂವ ಕುರುಬ್ರ ಹುಡುಗ ರೀ. ಗಾಯಕ್ಕ ಬೇವಿನೆಣ್ಣಿ ಬಿಟ್ಟು ಮತ್ತೊಂದ ಹಚ್ಚಿದಾಂವ ಅಲ್ಲ."

ನಾನು ಡಬ್ಬಿ ತೆಗೆದು ಹತ್ತಿಯನ್ನು ಅವರ ಅಂಗೈಗೆ ಹಾಕಿದೆ. "ಹಂಗಾರ ಇದು ಎಲ್ಲೀ ಮಣ್ಣು? ಈ ಊರಾಗ ಇಂಥಾ ಕೆಂಪು ಮಣ್ಣು ಎಲ್ಲೂ ಕಾಣೂದಿಲ್ಲ."

ಸುಮಿತ್ರಾಬಾಯಿ ಹತ್ತಿಯನ್ನು ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ಒಯ್ದರು. ಆಮೇಲೆ, ತನಗೇ ಅರಿವಿಲ್ಲದೆ, ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ಕೀವು ಹತ್ತಿದ ಮಣ್ಣನ್ನು ಯಾರೂ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲ. ಅದು ದೇವರದ್ದಾಗಿರಬೇಕು, ಇಲ್ಲವೇ ಹಿರಿಯರದ್ದು.

ಅವರಿಗೂ ತಾನು ಮಾಡಿದ್ದು ಗೊತ್ತಾಯಿತು. ಕೈ ಕೆಳಗಿಳಿಯಿತು.

"ಅಕ್ಕಾರ, ಇದು ಯಾವ ಮಣ್ಣು?"

ಹೊರಗೆ ಅಪ್ಪಾಸಾಬ ಕೆಮ್ಮಿದ್ದು ಕೇಳಿಸಿತು.

"ಮುತ್ತ್ಯಾನ ಗದ್ದುಗೀದು, ಇವರ ಅಜ್ಜಂದು," ಎಂದರು ಕೊನೆಗೆ. "ಇವರ ಹಿರ್‍ಯಾರು ನಾಲತವಾಡದ ಕಡಿಂದ ಬಂದವ್ರು. ಮುತ್ತ್ಯಾನ್ನ ನಮ್ಮ ಹೊಲದಾಗ ಮಣ್ಣ ಮಾಡಿದಾಗ ಅಲ್ಲೀ ಮಣ್ಣ ಬಂಡಿ ಹೇರಿ ತರಿಸಿ ಗದ್ದುಗಿ ಕಟ್ಯಾರ. ದನಾ ಕರಾ ಜಡ್ಡ ಬಿದ್ರ ಒಂದ ಚಿಟಿಕಿ ಹಚ್ತಾರ್ರಿ. ಆರಾಮ ಆಗತೈತಿ ಅಂತ."

"ಯಾರು ಹಚ್ತಾರ? ನೀವೂ ತರ್ತೀರೇನು?"

"ಹೆಣ್ಣ ಮಕ್ಕಳು ಆ ಕಟ್ಟಿ ಏರಂಗಿಲ್ಲ. ಆಳಮಕ್ಕಳೂ ಏರಂಗಿಲ್ಲ. ಮನೀ ಹಿರ್‍ಯಾರು ಜಳಕಾ ಮಾಡಿ, ಒದ್ದೀ ಅರಿವ್ಯಾಗ ಹೋಗಿ..."

ಆ ಮನೆಗೆ ಹಿರಿಯರು ಒಬ್ಬರೇ, ಅವರು ಹೊರಗೆ ಹೊರಸಿನ ಮೇಲೆ ಕುಳಿತಿದ್ದರು.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಕಟ್ಟೆಯ ಮೇಲೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ದೇಸಾಯರ ಮೀಸೆ ಮಣ್ಣಾಗುತ್ತಿತ್ತು. ಕೊಟ್ಟರೆ ಸರದಾರ ಹೋಗುತ್ತಿತ್ತು. ಆ ಟಗರು ಬಜಾರದಲ್ಲಿ ಅವರ ಹಿಂದೆ ಹಗ್ಗವಿಲ್ಲದೆ ನಡೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕಾಸಿಂಸಾಬರೇ ಬೇಡ ಎನ್ನುವಂತೆ ಮಾಡಿದರೆ ಮಾತೂ ಉಳಿಯಿತು, ಟಗರೂ ಉಳಿಯಿತು. ಹೆಂಡತಿಯದ್ದೂ ಅದೇ ಲೆಕ್ಕ. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡ ಹೆಂಡತಿ ಒಂದೇ ಜೀವವನ್ನು ಉಳಿಸಲು ಒಬ್ಬರಿಗೊಬ್ಬರು ಹೇಳದೆ ಒಂದೇ ಕಿವಿ ಕೊಯ್ದರು. ಕೊಯ್ದ ಮೇಲೆ ಇವರು ಅರಿಷಿಣ ಹಚ್ಚಿದರು, ಅವರು ಪಶ್ಚಾತ್ತಾಪಪಟ್ಟು ಮುತ್ತ್ಯಾನ ಮಣ್ಣು ತಂದು ಹಚ್ಚಿದರು. ಮಾತಾಡಿಕೊಂಡಿದ್ದರೆ ಆ ಪ್ರಾಣಿ ಇವತ್ತು ನುಚ್ಚು ತಿನ್ನುತ್ತಿತ್ತು.

ಇಷ್ಟರವರೆಗೆ ಕ್ಷಮಿಸಬಹುದಿತ್ತು. ಆದರೆ ತನ್ನ ಕೈಯಿಂದಾದದ್ದನ್ನು ಮುಚ್ಚಲು ಆಳಿನ ಕೈಗೆ ಕೋಳ ಹಾಕಿಸಿದ್ದು?

"ಇದನ್ನ ಬರೀತೀರೇನ್ರಿ?" ಎಂದರು ಸುಮಿತ್ರಾಬಾಯಿ.

"ಬರೀಲೇಬೇಕು ಅಕ್ಕಾರ. ಇಲ್ಲಾಂದ್ರ ಸಿದ್ದಲಿಂಗ ಜೇಲಿಗೆ ಹೋಗ್ತಾನ."

"ಅಂವ ಹೋಗಬಾರದು. ಅಷ್ಟ ಹೌದಲ್ಲ?"

"ಅಷ್ಟೇ."

ಅವರು ಸೆರಗು ಸರಿಮಾಡಿಕೊಂಡು ಎದ್ದರು. ನಾನು ತಡೆಯಬೇಕಿತ್ತು. ಹತ್ತಿ ಡಬ್ಬಿಗೆ ಹಾಕಿ, ಕೈಚೀಲ ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಹವಾಲ್ದಾರನ ಮುಂದೆ ನಿಂತಾಗಿತ್ತು.

"ಅಪ್ಪಾಸಾಬ, ಬರಕೋರಿ. ಟಗರಿನ ಕಿವಿ ಕೊಯ್ದಾಕಿ ನಾನು. ಎರಡೂ ಸಲ ನಾನ. ಮಣ್ಣ ಹಚ್ಚಿದಾಕಿನೂ ನಾನ. ಅದರಿಂದ ಸತ್ತೈತಿ ಅಂತ ಬಾಯಾರು ಹೇಳ್ಯಾರ. ಸಿದ್ದಲಿಂಗಂದು ಏನೂ ತಪ್ಪಿಲ್ಲ, ಅವನ್ನ ಬಿಟ್ಟ ಬಿಡ್ರಿ."

ಹೇಳಿ ಮುಗಿಸಿ ಗಂಡನ ಕಡೆ ನೋಡಿದರು. ಎರಡೂ ಸಲ ಎಂಬ ಮಾತಿನ ಅರ್ಥ ಅಲ್ಲಿ ಯಾರಿಗೆ ತಿಳಿಯದಿದ್ದರೂ ಒಬ್ಬರಿಗೆ ತಿಳಿಯಬೇಕಿತ್ತು. ಅವರೀಗ ಎದ್ದು, ಛೇ, ಅಕಿ ಅಲ್ಲ, ನಾನು ಎನ್ನುತ್ತಾರೆ ಎಂದು ಸುಮಿತ್ರಾಬಾಯಿ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

ದೇಸಾಯರು ಧೋತರದ ಚುಂಗು ಕೊಡವಿದರು. "ಅಕಿ ಹೇಳಿದ್ದ ಬರಕೋರಿ," ಎಂದರು.

ಕಾಸಿಂಸಾಬರು ತಲೆ ತಗ್ಗಿಸಿದರು. ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅಪ್ಪಾಸಾಬ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಠಾಣೆಗೆ ಫೋನು ಹಚ್ಚಿದ. "ಸಾಹೇಬ್ರ, ಇಲ್ಲಿ ಬ್ಯಾರೆನ ನಡದೈತ್ರಿ..." ಎಂದು ಶುರು ಮಾಡಿದವನು ಅಲ್ಲಿಂದ ಬಂದ ಮಾತು ಕೇಳುತ್ತ ಕೇಳುತ್ತ ಸುಮ್ಮನಾದ. ಫೋನು ಕೆಳಗಿಳಿಸಿ ನನ್ನ ಕಡೆ ನೋಡಿದ.

"ಮೇಡಂ, ಸಿದ್ದಲಿಂಗ ಈಗ ಒಪ್ಪಿಕೊಂಡಾನಂತ್ರಿ. ವಿಷಾ ಹಾಕಿಲ್ಲ, ಕಿವಿ ಕೊಯ್ದವ ನಾನು, ಗದ್ದುಗೀ ಮಣ್ಣ ಮೆತ್ತಿದಾಂವ ನಾನು, ಅದರಿಂದ ಸತ್ತಿರಬೇಕು ಅಂದಾನಂತ. ರುಜೂನೂ ಮಾಡ್ಯಾನಂತ್ರಿ."

ಗದ್ದುಗೆಯ ಮಣ್ಣಿನ ಮಾತು ನಾನು ಮತ್ತು ಸುಮಿತ್ರಾಬಾಯಿ ಈಗಷ್ಟೇ ಹಿತ್ತಿಲ ಪಡಸಾಲೆಯಲ್ಲಿ ಆಡಿದ್ದು. ಠಾಣೆಯಲ್ಲಿದ್ದವನಿಗೆ ಅದು ಗೊತ್ತಿರಬೇಕಾದರೆ ಅವನು ಕಣ್ಣಾರೆ ನೋಡಿರಬೇಕು. ದೇಸಾಯರು ಕೊಯ್ದದ್ದನ್ನೂ, ಹಚ್ಚಿದ್ದನ್ನೂ ನೋಡಿ, ಉಂಡ ಮನೆಯ ಹೆಸರು ಹೇಳಬಾರದೆಂದು ಬೆಳಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದ. ನಾನು ಕಿವಿ ನೋಡಿದರೆ ಮಣ್ಣು ಸಿಗುತ್ತದೆ ಎಂದು ಹೆದರಿ ಈಗ ಬಾಯಿ ಬಿಟ್ಟಿದ್ದೂ ಅದೇ ಮನೆ ಉಳಿಸಲು.

"ಈಗೇನ ಮಾಡ್ಲಿರಿ ದೇಸಾಯರ?" ಎಂದ ಅಪ್ಪಾಸಾಬ. "ಅಕ್ಕಾರು ನಾನು ಅಂತಾರ. ಅಂವ ನಾನು ಅಂತಾನ."

ದೇಸಾಯರು ನೆಲ ನೋಡುತ್ತಲೇ ಹೇಳಿದರು: "ಇಬ್ಬರೂ ಕೂಡೇ ಮಾಡಿರಬೇಕು. ಹಂಗ ಬರಕೋರಿ."

ಬೇಲಿಯ ಆಚೆ ನಿಂತಿದ್ದ ಜನರಲ್ಲಿ ಯಾರೋ ಗುಸುಗುಸು ಎಂದರು. ಆ ಮಾತಿಗೆ ಊರು ಏನೇನು ಬಾಲ ಕಟ್ಟುತ್ತದೆ ಎಂದು ದೇಸಾಯರಿಗೆ ಗೊತ್ತಿಲ್ಲದೆ ಇಲ್ಲ. ಮೂವತ್ತು ವರ್ಷ ಬಾಳಿದ ಹೆಂಡತಿಯನ್ನು ಅವರು ಒಂದೇ ಮಾತಿನಲ್ಲಿ ಬೀದಿಗೆ ಇಟ್ಟುಬಿಟ್ಟರು. ಹತ್ತಿಯನ್ನು ಅಕ್ಕಾರಿಗೆ ತೋರಿಸದೆ ನೆಟ್ಟಗೆ ವರದಿ ಬರೆದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ.

ಸುಮಿತ್ರಾಬಾಯಿ ಕದಲಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಅಪ್ಪಾಸಾಬ, ಆಗ ನಾ ಹೇಳಿದ್ದ ಹೊಡದ ಹಾಕ್ರಿ."

"ಸುಮಿತ್ರಾ!" ಎಂದರು ದೇಸಾಯರು. ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಹಿಡಿದು ಕರೆಯುವ ಗಂಡಸರಲ್ಲ ಅವರು. "ಮನೀ ಮರ್ಯಾದಿ ನೋಡಿ ಮಾತಾಡು."

"ಮನೀ ಮರ್ಯಾದಿ ಠಾಣೆದಾಗ ಕುಂತೈತ್ರಿ," ಎಂದರು ಸುಮಿತ್ರಾಬಾಯಿ. ದನಿ ಏರಲಿಲ್ಲ. "ಮೊದಲ ಅವನ್ನ ಇಲ್ಲಿ ಕರಕೊಂಡ ಬರ್ರಿ. ಅವನ ಮುಂದ ನಿಂತು ನಾ ಖರೇ ಹೇಳ್ತೇನಿ. ಅಷ್ಟರಾಗ ನೀವ ಹೇಳಿದ್ರ ಬಾಳ ಚಲೋ."

ದೇಸಾಯರು ಹೊರಸಿನಿಂದ ಎದ್ದರು. ಈಗಲಾದರೂ ಬಾಯಿ ಬಿಡುತ್ತಾರೆ ಎಂದುಕೊಂಡೆ. ಅಪ್ಪಾಸಾಬ ಪೆನ್ನು ತೆಗೆದು ಸಿದ್ಧನಾದ. ಅವರು ಯಾರ ಕಡೆಗೂ ನೋಡದೆ ಅಂಗಳ ದಾಟಿ ಮನೆಯೊಳಗೆ ಹೋದರು, ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಗಳಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಸುಮಿತ್ರಾಬಾಯಿ ಹೊರಗೆ ಅಂಗಳದಲ್ಲೇ ನಿಂತಿದ್ದರು.